ರೋಲಿ ಟೆಬೋನ ಪಿಸ್ತೂಲು

ಮಾರ್ಚ್ ಇಪ್ಪತ್ತೊಂದನೇ ತಾರೀಖು, ಮಂಗಳವಾರ, ಬೆಳಗ್ಗೆ ಒಂಬತ್ತು ಗಂಟೆ ದಾಟಿದ ಮೇಲೆ ಆರ್ಲೀನ್ ಟೆಬೋ ಎಂಬ ಎಪ್ಪತ್ತೊಂದು ವರ್ಷದ ಹೆಂಗಸು ವಾರ್ಬೆಕ್ ಕೌಂಟಿಯ ಶೆರಿಫ್ ಠಾಣೆಗೆ ಬಂದರು. ಕೈಯಲ್ಲಿ ಅಡುಗೆಮನೆಯ ಮೇಜುಬಟ್ಟೆಯಲ್ಲಿ ಸುತ್ತಿದ ಒಂದು ಉಕ್ಕಿನ ಪೆಟ್ಟಿಗೆ ಇತ್ತು. ಬೂಟಿನ ಹಿಮವನ್ನು ಬಾಗಿಲಲ್ಲೇ ಕೊಡವಿ, ಪೆಟ್ಟಿಗೆಯನ್ನು ಮಗುವನ್ನು ಇಳಿಸಿದ ಹಾಗೆ ಮೇಜಿನ ಮೇಲೆ ಇಳಿಸಿದರು.

ಕರ್ತವ್ಯದಲ್ಲಿದ್ದವನು ತನಿಖಾಧಿಕಾರಿ ವೆಸ್ಲಿ ರಾಬಿಡೋ. ಅವನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಬಸ್ಸು ಓಡಿಸುತ್ತಿದ್ದವರು ಇದೇ ಆರ್ಲೀನ್. ಈಗಲೂ ಅವರ ಮುಂದೆ ಅವನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

"ರೋಲಿ ಹೋಗಿ ನಾಳೆಗೆ ಹದಿನೈದು ದಿನ," ಎಂದರು ಆರ್ಲೀನ್. "ಗಂಡನ ಪರವಾನಗಿಯಲ್ಲಿರೋ ಪಿಸ್ತೂಲು ಅದಕ್ಕಿಂತ ಹೆಚ್ಚು ದಿನ ಹೆಂಡತಿ ಹತ್ರ ಇದ್ರೆ ಅಪರಾಧವಂತೆ. ನಲವತ್ತೆಂಟು ವರ್ಷ ಒಂದೇ ಮಂಚದಲ್ಲಿ ಮಲಗಿದೀನಿ, ಆದ್ರೆ ಅವನ ಪಿಸ್ತೂಲು ಮುಟ್ಟೋಕೆ ನಂಗೆ ಹಕ್ಕಿಲ್ಲವಂತೆ. ಇರಲಿ. ತಗೋ ಇದನ್ನ, ನಂಗೊಂದು ರಸೀದಿ ಕೊಡು."

"ಒಳಗೆ ಗುಂಡು ತುಂಬಿದೆಯಾ ಅಮ್ಮಾ?"

"ನಂಗೇನು ಗೊತ್ತು? ಅವನು ತೀರಿಕೊಂಡ ಮೇಲೆ ನಾನು ತೆಗೆದಿಲ್ಲ."

ರಾಬಿಡೋ ಕೈಗವಸು ಹಾಕಿಕೊಂಡು ಬೀಗ ತೆಗೆದ. ಒಳಗಿದ್ದದ್ದು ಒಂದು ಬೂದು ಬಣ್ಣದ ಉಣ್ಣೆಯ ಕಾಲುಚೀಲ. ಅದರ ಬಾಯಿಗೆ ಕೆಂಪು ಪಟ್ಟಿ. ಚೀಲದೊಳಗೆ ಕೈಯಗಲದ ಕಬ್ಬಿಣದ ತುಂಡು. ಹಳೇ ಕಾಲದ ಕಿಟಕಿಗಳ ಚೌಕಟ್ಟಿನೊಳಗೆ ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದರಲ್ಲ, ಆ ತೂಕ. ಪಿಸ್ತೂಲು ಇರಲಿಲ್ಲ.

ಆರ್ಲೀನ್ ಬಹಳ ಹೊತ್ತು ಆ ಕಬ್ಬಿಣವನ್ನೇ ನೋಡಿದರು. ಆಮೇಲೆ ಕುರ್ಚಿಯ ತೋಳು ಹಿಡಿದು ಮೆಲ್ಲಗೆ ಕೂತರು.

"ವೆಸ್ಲಿ, ಮೊದಲು ರೆನೀಗೆ ಫೋನ್ ಮಾಡು," ಎಂದರು.

ರೆನೀ ಅವರ ಸೊಸೆ. ಕುತ್ತಿಗೆಗೆ ಕೈ ಹಾಕಿದ ಗಂಡ ಡ್ವೇನ್‌ನಿಂದ ಎರಡು ಮಕ್ಕಳನ್ನು ಕರೆದುಕೊಂಡು ಕ್ರಿಸ್‌ಮಸ್ ಹೊತ್ತಿಗೆ ಹೊರಬಂದವಳು. ಡ್ವೇನ್ ಆರ್ಲೀನರ ಒಬ್ಬನೇ ಮಗ. ಅವನು ಹೆಂಡತಿಯ ಹತ್ತಿರ ಸುಳಿಯಕೂಡದು, ಬಂದೂಕು ಇಟ್ಟುಕೊಳ್ಳಕೂಡದು ಎಂದು ಜನವರಿಯಲ್ಲಿ ನ್ಯಾಯಾಲಯದ ಆದೇಶವಾಗಿತ್ತು. ಅವನ ಬೇಟೆ ಬಂದೂಕುಗಳನ್ನು ಮನೆಯಿಂದ ಹೊತ್ತು ತಂದವನು ರಾಬಿಡೋನೇ. ಮಗನ ಹೆಸರನ್ನು ಬಾಯಿಬಿಟ್ಟು ಹೇಳದೆ ಸೊಸೆಯ ಹೆಸರನ್ನಷ್ಟೇ ಹೇಳಿದ ಆ ತಾಯಿಯ ಸಂಕಟ ಅವನಿಗೆ ಅರ್ಥವಾಯಿತು. ಅವನು ಇನ್ನೇನೂ ಕೇಳದೆ ಫೋನ್ ಎತ್ತಿದ.

ಒಂಬತ್ತೂವರೆಗೆ ದೂರು ದಾಖಲಾಯಿತು. ಪೆಟ್ಟಿಗೆ, ಕಾಲುಚೀಲ, ಕಬ್ಬಿಣದ ತುಂಡು ಇವುಗಳ ಫೋಟೋ ತೆಗೆದು, ಇಬ್ಬರು ಸಾಕ್ಷಿಗಳ ಎದುರು ಮಹಜರು ಬರೆದು, ಒಂದೊಂದನ್ನೂ ಬೇರೆ ಬೇರೆ ಕಾಗದದ ಚೀಲದಲ್ಲಿ ಮೊಹರು ಮಾಡಲಾಯಿತು. ಡೆಪ್ಯುಟಿ ಕಾಲೀನ್ ಪ್ರೀಮೋ ಶಾಲೆಗೆ ಹೋಗಿ ರೆನೀಯ ಮಕ್ಕಳನ್ನು ಕರೆತಂದು, ಮೂವರನ್ನೂ ರೆನೀಯ ಅಕ್ಕನ ಮನೆಗೆ ಸೇರಿಸಿದಳು. ಪರದೆ ಎಳೆಸಿದಳು. ಗಾಡಿಯನ್ನು ಹಿತ್ತಿಲಿಗೆ ಹಾಕಿಸಿದಳು.

"ಎಷ್ಟು ದಿನ ಹಿಂಗೆ?" ರೆನೀ ಕೇಳಿದಳು.

"ಪಿಸ್ತೂಲು ಸಿಗೋವರೆಗೆ."

"ಕೋರ್ಟಿನ ಕಾಗದ ನನ್ನ ಪರ್ಸಿನಲ್ಲೇ ಇದೆ ಕಾಲೀನ್. ದಿನಾ ಮುಟ್ಟಿ ನೋಡ್ಕೋತೀನಿ. ಕಾಗದ ಗುಂಡು ತಡೆಯತ್ತಾ?"

ಕಾಲೀನ್ ಬಾಗಿಲ ಒಳಗಡೆ ಒಂದು ಕುರ್ಚಿ ಎಳೆದುಕೊಂಡು ತಾನೇ ಕೂತಳು.

ಡ್ವೇನ್ ಟೆಬೋ ಹೊಳೆಯ ದಂಡೆಯಲ್ಲಿರುವ ಬೇಟೆಯವರ ಗುಡಿಸಲಿನಲ್ಲಿ ಒಬ್ಬನೇ ಇದ್ದ. ರಾಬಿಡೋ ಇನ್ನೊಬ್ಬ ಡೆಪ್ಯುಟಿಯ ಜೊತೆ ಅಲ್ಲಿಗೆ ಹೋದಾಗ ಹನ್ನೊಂದು ಗಂಟೆ. ಡ್ವೇನ್ ಅಂಗಿ ಇಲ್ಲದೆ ಬಾಗಿಲಲ್ಲಿ ನಿಂತ. ಕೈಗಳನ್ನು ಕೇಳದೆಯೇ ಮೇಲೆತ್ತಿ ತೋರಿಸಿದ.

"ಜನವರಿಲಿ ನಂದೆಲ್ಲ ಹೊತ್ಕೊಂಡು ಹೋದ್ರಿ. ಇನ್ನೇನು ಬೇಕು? ಮೀನಿನ ಗಾಳ ಇದೆ, ಒಯ್ತೀರಾ?"

"ನಿಮ್ಮಪ್ಪನ ಪಿಸ್ತೂಲು ಕಾಣ್ತಿಲ್ಲ."

ಡ್ವೇನ್‌ನ ಮುಖದ ಗೇಲಿ ಅಳಿಯಿತು. "ವಾರಂಟ್ ತಂದಿದೀಯಾ?"

"ಇಲ್ಲ. ನೀನು ಒಪ್ಪಿದ್ರೆ ನೋಡ್ತೀನಿ. ಒಪ್ಪದಿದ್ರೆ ನ್ಯಾಯಾಧೀಶರ ಹತ್ರ ಹೋಗಿ ಬರ್ತೀನಿ, ಅಲ್ಲೀವರೆಗೆ ಇವನು ನಿನ್ನ ಬಾಗಿಲಲ್ಲೇ ನಿಂತಿರ್ತಾನೆ."

"ನೋಡ್ಕೋ. ನೆಲಾನೂ ಕಿತ್ತು ನೋಡ್ಕೋ."

ಹಾಸಿಗೆ, ಒಲೆ, ಸೌದೆಯ ರಾಶಿ, ಗಾಡಿಯ ಸೀಟಿನಡಿ ಎಲ್ಲ ನೋಡಿದರು. ಸಿಗಲಿಲ್ಲ.

"ಆ ಪೆಟ್ಟಿಗೆ ಮುಟ್ಟಿದ್ಯಾ ಡ್ವೇನ್?"

ಅವನು ಹೊಳೆಯ ಕಡೆ ನೋಡಿದ. ಮಂಜುಗಡ್ಡೆ ನಡುವೆ ಬಿರಿದು ಕಪ್ಪು ನೀರು ಹರಿಯುತ್ತಿತ್ತು.

"ಇಲ್ಲ," ಎಂದ.

ಉತ್ತರ ಬರಲು ಹಿಡಿದ ಹೊತ್ತನ್ನು ರಾಬಿಡೋ ಮನಸ್ಸಿನಲ್ಲಿ ಇಟ್ಟುಕೊಂಡ. ಡೆಪ್ಯುಟಿಯನ್ನು ರಸ್ತೆಯ ತಿರುವಿನಲ್ಲಿ ಕಾವಲಿಗೆ ಬಿಟ್ಟು, ತಾನು ಆರ್ಲೀನ್ ಮನೆಗೆ ಹೊರಟ.

ಮನೆಯ ಬಾಗಿಲು, ಕಿಟಕಿ ಯಾವುದನ್ನೂ ಒಡೆದ ಗುರುತಿರಲಿಲ್ಲ. ಪೆಟ್ಟಿಗೆಯ ಕೀಲಿಕೈ ರೋಲಿಯ ಗೊಂಚಲಿನಲ್ಲಿತ್ತು. ಆ ಗೊಂಚಲು ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು.

"ಇದು ಯಾರ ಕೈಗಾದರೂ ಹೋಗಿತ್ತಾ?"

"ಡೆಲ್ಬರ್ಟ್ ಹತ್ರ ಇತ್ತು. ಕೊನೆಯ ದರ್ಶನದ ದಿನ."

ನಮ್ಮ ಕಡೆ ಸಾವಿನ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ, ಮನೆಯವರು ಎಷ್ಟು ಗಂಟೆಗೆ ಎಲ್ಲಿರುತ್ತಾರೆ ಎಂಬುದೂ ಬರುತ್ತದೆ. ಕಳ್ಳರೂ ಪತ್ರಿಕೆ ಓದುತ್ತಾರೆ. ಹಾಗಾಗಿ ಹೆಣದ ಮುಂದೆ ಎಲ್ಲರೂ ಸೇರಿದಾಗ ನಂಬಿಕೆಯ ಒಬ್ಬರು ಸತ್ತವರ ಮನೆ ಕಾಯುವುದು ರೂಢಿ. ಅವತ್ತು ಮಧ್ಯಾಹ್ನದಿಂದ ಸಂಜೆಯವರೆಗೆ ಕಾದವರು ಡೆಲ್ಬರ್ಟ್ ಗೋಕಿ. ದನಕ್ಕೆ ಹುಲ್ಲು ಹಾಕಿ, ಬೀಗ ಹಾಕಿ, ಎಲ್ಲರಿಗಿಂತ ಕೊನೆಗೆ ದರ್ಶನಕ್ಕೆ ಬಂದಿದ್ದರು.

"ಅವನನ್ನ ಅನುಮಾನ ಪಡಬೇಡ," ಎಂದರು ಆರ್ಲೀನ್. "ರೋಲಿಗೂ ಅವನಿಗೂ ಐವತ್ತು ವರ್ಷದ ಸ್ನೇಹ. ಜಗಳ ಆಡಿದ್ದೇ ಮೂರೋ ನಾಲ್ಕೋ ಸಲ. ಅದೂ ನಾಯಿ ವಿಷಯಕ್ಕೆ."

ಡೆಲ್ಬರ್ಟ್ ಗೋಕಿಯನ್ನು ಕೌಂಟಿಯಲ್ಲಿ ಅರಿಯದವರಿಲ್ಲ. ರಾಜ್ಯದ ಬಂದೂಕು ಕಾನೂನನ್ನು ರದ್ದು ಮಾಡಿ ಎಂದು ರಸ್ತೆಬದಿಯಲ್ಲಿ ಮೊದಲು ಫಲಕ ನೆಟ್ಟವರು ಅವರು. ದೇಶದ ಸಂವಿಧಾನ ಕೊಟ್ಟದ್ದನ್ನು ರಾಜಧಾನಿ ಆಲ್ಬನಿಯಲ್ಲಿ ಕೂತವರು ಕಿತ್ತುಕೊಳ್ಳಲಾಗದು ಎಂದು ಹೋಟೆಲಿನಲ್ಲಿ, ಚರ್ಚಿನ ಮೆಟ್ಟಿಲಲ್ಲಿ, ಹಾಲಿನ ಡೇರಿಯಲ್ಲಿ ಸಿಕ್ಕಸಿಕ್ಕವರಿಗೆ ಹೇಳುವವರು. ಮೂವತ್ತು ವರ್ಷ ಊರಿನ ಹುಡುಗರಿಗೆ ಬೇಟೆಯ ಸುರಕ್ಷತೆಯ ಪಾಠ ಹೇಳಿದವರೂ ಹೌದು. ಡ್ವೇನ್ ಅವರ ಶಿಷ್ಯ. ರಾಬಿಡೋನೂ ಅವರ ಶಿಷ್ಯನೇ.

ರಾಬಿಡೋ ಕೆಲಸಕ್ಕೆ ಸೇರಿದ ದಿನ ಬಲಗೈ ಎತ್ತಿ ದೇಶದ ಸಂವಿಧಾನಕ್ಕೂ ರಾಜ್ಯದ ಸಂವಿಧಾನಕ್ಕೂ ಒಂದೇ ಉಸಿರಿನಲ್ಲಿ ಪ್ರಮಾಣ ಮಾಡಿದ್ದ. ಎರಡಕ್ಕೂ ಜಗಳ ಬಂದರೆ ಯಾವುದರ ಕಡೆ ನಿಲ್ಲಬೇಕು ಎಂದು ಅವತ್ತು ಯಾರೂ ಹೇಳಿರಲಿಲ್ಲ. ಭಾನುವಾರದ ಪ್ರಾರ್ಥನೆಯಲ್ಲಿ ಅವನು ಇದನ್ನು ದೇವರ ಮುಂದೆ ಇಟ್ಟದ್ದುಂಟು. ದೇವರು ಸುಮ್ಮನಿದ್ದ. ಬಹುಶಃ ಕೆಲಸ ಮಾಡುತ್ತಾ ಹೋಗು ಎಂದೇ ಅದರ ಅರ್ಥವಿರಬೇಕು ಎಂದು ಅವನು ತಿಳಿದಿದ್ದ.

ಮಧ್ಯಾಹ್ನ ಎರಡು ಗಂಟೆಗೆ ಅವನು ಗೋಕಿಯ ಮೇಪಲ್ ಆಲೆಮನೆಯ ಬಾಗಿಲು ತಳ್ಳಿದ. ಹಗಲು ಬಿಸಿಲು, ಇರುಳು ಮಂಜು ಬೀಳುವ ಈ ಮೂರ್ನಾಲ್ಕು ವಾರದಲ್ಲೇ ಮರ ರಸ ಕೊಡುವುದು; ಬಂದ ರಸವನ್ನು ಬಂದ ಹಾಗೇ ಕಾಯಿಸಬೇಕು. ಒಳಗೆ ಬಿಳಿ ಆವಿ ತುಂಬಿ ಮುಖವೇ ಕಾಣದು. ಉದ್ದ ಬಾಣಲೆಯ ಆಚೆಯಿಂದ ದನಿ ಬಂತು.

"ಬಾಗಿಲು ಹಾಕೋ! ಅಪ್ಪನ ಮನೆ ಸೌದೆ ಅಂದ್ಕೊಂಡ್ಯಾ?"

"ನಾನು, ವೆಸ್ಲಿ."

"ಪೊಲೀಸ್ ವೆಸ್ಲಿನೋ, ಪಾಕ ಕುಡಿಯೋಕೆ ಬಂದ ವೆಸ್ಲಿನೋ?"

"ಪೊಲೀಸ್ ವೆಸ್ಲಿ."

ಆವಿ ಸರಿದು ಡೆಲ್ಬರ್ಟ್ ಕಂಡರು. ಎಪ್ಪತ್ತೈದರ ಮನುಷ್ಯ, ಗಡ್ಡದ ತುಂಬ ಹನಿ. ಅವರ ಹಿಂದೆ, ಒಲೆಯ ಮೇಲಿನ ತಂತಿಗೆ ಒಣಹಾಕಿದ ಕಾಲುಚೀಲಗಳ ಸಾಲು. ಎಲ್ಲವೂ ಬೂದು ಬಣ್ಣ. ಎಲ್ಲದರ ಬಾಯಿಗೂ ಕೆಂಪು ಪಟ್ಟಿ.

ರಾಬಿಡೋ ಅವನ್ನು ನೋಡಿದ. ಅವನು ನೋಡಿದ್ದನ್ನು ಡೆಲ್ಬರ್ಟ್ ನೋಡಿದರು.

"ಬರ್ನಡೆಟ್ ಹೆಣೆದಿದ್ದಾ?"

"ಹೂಂ. ಹೋಗೋ ಮೊದಲು ಇಪ್ಪತ್ತು ಜೊತೆ ಹೆಣೆದಿಟ್ಟು ಹೋದ್ಳು. ಗಂಡಂಗೆ ಸಾಯೋವರೆಗೆ ಆಗ್ಲಿ ಅಂತ."

"ಒಂದು ರೋಲಿಯ ಪೆಟ್ಟಿಗೆಯೊಳಗೆ ಸಿಕ್ತು."

ಡೆಲ್ಬರ್ಟ್ ಸೌಟನ್ನು ಬಾಣಲೆಯ ಅಂಚಿಗೆ ತಾಗಿಸಿ ಹನಿ ಕೊಡವಿದರು. "ನಂಗೆ ವಕೀಲ ಬೇಕಾ?"

"ಬೇಕಿದ್ರೆ ಕರೆಸ್ಕೊಳ್ಳಿ. ಸುಮ್ಮನಿರೋ ಹಕ್ಕು ನಿಮಗಿದೆ. ನೀವು ಹೇಳಿದ್ದನ್ನ..."

"ಗೊತ್ತು ಮಾರಾಯ. ನಾನೇ ನಿಂಗೆ ಕಲಿಸಿದ್ದು."

"ನೀವು ಕಲಿಸಿದ್ದು ಬಂದೂಕು ಹಿಡಿಯೋದು."

"ಎರಡೂ ಒಂದೇ ದಿನ ಕಲಿಸ್ದೆ. ನೀನು ಕಿಟಕಿ ಹೊರಗೆ ನೋಡ್ತಿದ್ದೆ. ಸರಿ, ನಾನು ಸುಮ್ಮನಿರ್ತೀನಿ. ಸಂವಿಧಾನದ ಐದನೇ ತಿದ್ದುಪಡಿ. ಬರ್ಕೋ."

ರಾಬಿಡೋ ಬರೆದುಕೊಂಡ. ಪುಸ್ತಕ ಮುಚ್ಚಿದ. ಟೋಪಿ ಕೈಗೆ ತೆಗೆದುಕೊಂಡ.

"ನಾನು ಕೇಳಲ್ಲ. ನಿಮಗೆ ಒಂದು ಸುದ್ದಿ ಮಾತ್ರ ಹೇಳಿ ಹೋಗ್ತೀನಿ. ರೆನೀ ಬೆಳಗ್ಗೆಯಿಂದ ಅಕ್ಕನ ಮನೇಲಿ ಪರದೆ ಎಳಕೊಂಡು ಕೂತಿದಾಳೆ. ಮಕ್ಕಳನ್ನ ಶಾಲೆಯಿಂದ ಎಬ್ಬಿಸಿ ತಂದ್ವಿ. ಆ ಪಿಸ್ತೂಲು ಡ್ವೇನ್ ಹತ್ರ ಇದೆ ಅಂತ ಅವಳಿಗೆ ಖಾತ್ರಿ. ಚಿಕ್ಕವಳು ಸ್ನಾನದ ತೊಟ್ಟಿಯೊಳಗೆ ಕೂತು ಊಟ ಮಾಡಿದ್ಳಂತೆ. ಗೋಡೆ ದಪ್ಪ ಇದೆ ಅಂತ ಅವರಮ್ಮ ಹೇಳಿದ್ಳಂತೆ."

ಬಾಣಲೆಯಲ್ಲಿ ನೊರೆ ಉಕ್ಕಿ ಅಂಚಿನವರೆಗೆ ಬಂತು. ಅದಕ್ಕೆ ಒಂದು ಚೂರು ಬೆಣ್ಣೆ ಬಿಟ್ಟರೆ ಇಳಿಯುತ್ತದೆ. ಬೆಣ್ಣೆ ಡೆಲ್ಬರ್ಟ್ ಕೈಯಲ್ಲೇ ಇತ್ತು. ಅವರು ಬಿಡಲಿಲ್ಲ. ನೊರೆ ಉಕ್ಕಿ ಒಲೆಗೆ ಸುರಿದು ಸುಟ್ಟ ಸಕ್ಕರೆಯ ವಾಸನೆ ಎದ್ದಿತು.

"ಅವಳು ಹೆದರಬಾರದು ಅಂತಲೇ ಅಲ್ವೇನೋ ನಾನು..." ಎಂದು ನಿಲ್ಲಿಸಿದರು. ಬಾಣಲೆಗೆ ಬೆಣ್ಣೆ ಹಾಕಿದರು. "ಡ್ವೇನ್ ಹತ್ರ ಇಲ್ಲ. ಹೋಗಿ ಹೇಳು ಅವಳಿಗೆ. ಈಗಲೇ ಹೇಳು."

"ನೋಡದೆ ಹೇಳೋಕಾಗಲ್ಲ. ಎಲ್ಲಿದೆ?"

"ರೋಲಿ ಹತ್ರ."

"ಸತ್ತಿರೋ ರೋಲಿ ಹತ್ರಾನಾ?"

"ಇನ್ಯಾವ ರೋಲಿ ಇದಾನೆ? ಪಾದದ ಹತ್ರ, ಕಂಬಳಿ ಅಡಿ. ಆ ಜೋಡಿಯ ಇನ್ನೊಂದು ಚೀಲದೊಳಗೆ. ಗುಂಡೆಲ್ಲ ತೆಗೆದು ಹೊಳೆಗೆ ಹಾಕ್ದೆ. ಪೆಟ್ಟಿಗೆ ಹಗುರ ಅನ್ನಿಸಬಾರದು ಅಂತ ಕಬ್ಬಿಣ ಇಟ್ಟೆ."

ನಮ್ಮಲ್ಲಿ ಹಣದ ಪೆಟ್ಟಿಗೆಗಿಂತ ಶವದ ಪೆಟ್ಟಿಗೆಯಲ್ಲಿ ಹೆಚ್ಚು ಪ್ರೀತಿ ಇಡುತ್ತಾರೆ. ಕೊನೆಯ ದರ್ಶನಕ್ಕೆ ಬಂದವರು ಜಪಮಾಲೆ, ಇಸ್ಪೀಟು, ಮೀನಿನ ಗಾಳ, ಮೊಮ್ಮಕ್ಕಳು ಬರೆದ ಚಿತ್ರ, ಏನಾದರೊಂದನ್ನು ಸತ್ತವರ ಪಕ್ಕ ಸೇರಿಸಿ ಬರುತ್ತಾರೆ. ಯಾರೂ ಬಿಚ್ಚಿ ನೋಡುವುದಿಲ್ಲ. ಡೆಲ್ಬರ್ಟ್ ಗೆಳೆಯನ ಪಾದ ಯಾವಾಗಲೂ ತಣ್ಣಗಿರುತ್ತಿತ್ತು ಎಂದು ಹೇಳಿ ಉಣ್ಣೆಯ ಕಾಲುಚೀಲ ಇಟ್ಟಾಗ ಸುತ್ತ ನಿಂತವರು ಕಣ್ಣೊರೆಸಿಕೊಂಡಿದ್ದರು. ಮುಚ್ಚಳ ಬಿದ್ದರೆ ಮುಗಿಯಿತು ಎಂದು ಅವರ ಲೆಕ್ಕ. ಆದರೆ ಚಳಿಗಾಲದಲ್ಲಿ ನಮ್ಮ ನೆಲ ಕಲ್ಲಾಗಿರುತ್ತದೆ, ಗುದ್ದಲಿ ಇಳಿಯುವುದಿಲ್ಲ. ಸತ್ತವರು ಸ್ಮಶಾನದ ಕಲ್ಲುಕೋಣೆಯಲ್ಲಿ ಮೇ ತಿಂಗಳವರೆಗೆ ಮಣ್ಣಿಗಾಗಿ ಕಾಯುತ್ತಾರೆ. ರೋಲಿ ಟೆಬೋ ಕೂಡ ಕಾಯುತ್ತಿದ್ದ.

ಬುಧವಾರ ಬೆಳಗ್ಗೆ ನ್ಯಾಯಾಧೀಶರ ಆದೇಶ ಸಿಕ್ಕಿತು. ಆರ್ಲೀನ್ ಒಪ್ಪಿಗೆಗೆ ಸಹಿ ಹಾಕಿದರು. ಹತ್ತೂವರೆಗೆ ಕಲ್ಲುಕೋಣೆಯ ಮುಂದೆ ಪಾದ್ರಿ, ಅಂತ್ಯಕ್ರಿಯೆ ನಡೆಸಿದವನು, ರಾಬಿಡೋ, ಇಬ್ಬರು ಸಾಕ್ಷಿಗಳು ಸೇರಿದರು. ಆರ್ಲೀನ್ ಬರುವುದು ಬೇಡ ಎಂದು ಎಲ್ಲರೂ ಹೇಳಿದರು. ಅವರು ಬಂದರು.

ಪಾದ್ರಿ ಮೊದಲು ಸತ್ತವನ ಕ್ಷಮೆ ಕೇಳಿ ಪ್ರಾರ್ಥಿಸಿದರು. ಕೋಣೆಯ ಒಳಗೆ ಹೊರಗಿನ ಹಿಮಕ್ಕಿಂತ ಹೆಚ್ಚು ಕೊರೆಯುವ ಚಳಿ. ಮುಚ್ಚಳ ಎದ್ದಿತು. ರೋಲಿ ಟೆಬೋ ಮಲಗಿದ ಹಾಗೇ ಇದ್ದ, ಕೈಯಲ್ಲಿ ಜಪಮಾಲೆ.

"ಇನ್ನೊಂದು ಸಲ ನೋಡ್ತೀನಿ ಅಂತ ಅಂದ್ಕೊಂಡಿರ್ಲಿಲ್ಲ," ಎಂದರು ಆರ್ಲೀನ್. ಗಂಡನ ಕಾಲರು ಸರಿಮಾಡಿದರು. "ನೋಡು, ಪೊಲೀಸರನ್ನೇ ಇಲ್ಲಿಗೆ ಕರೆಸಿಕೊಂಡಿದಾನೆ. ಬದುಕಿದ್ದಾಗ ಒಂದು ದಿನ ಠಾಣೆ ಮೆಟ್ಟಿಲು ಹತ್ತಿದೋನಲ್ಲ."

ಪಾದ್ರಿಯೂ ನಕ್ಕುಬಿಟ್ಟರು.

ರಾಬಿಡೋ ಮೊಣಕಾಲೂರಿ ಕಂಬಳಿಯ ಅಂಚು ಎತ್ತಿದ. ಬೂದು ಕಾಲುಚೀಲ ಅಲ್ಲಿತ್ತು. ಒಳಗೆ ಪಿಸ್ತೂಲು ಇತ್ತು. ಖಾಲಿ ಮಾಡಿದ್ದು ಹೌದು. ಅದರ ಮೇಲಿನ ಅಂಕೆಯನ್ನು ರೋಲಿಯ ಪರವಾನಗಿಯ ಜೊತೆ ಹೋಲಿಸಿ ಎರಡು ಸಲ ಗಟ್ಟಿಯಾಗಿ ಓದಿದ. ಸಾಕ್ಷಿಗಳು ತಲೆಯಾಡಿಸಿದರು. ಅವನು ಎದ್ದು ಹೊರಗೆ ಬಂದು ಕಾಲೀನ್ ಪ್ರೀಮೋಗೆ ಫೋನ್ ಮಾಡಿದ.

"ಸಿಕ್ತು," ಎಂದ. "ಕೈಯಲ್ಲೇ ಇದೆ."

ಆ ಕಡೆಯಿಂದ ಕಾಲೀನ್ ಯಾರಿಗೋ ಅದನ್ನೇ ಹೇಳಿದ್ದು ಕೇಳಿಸಿತು. ಆಮೇಲೆ ಏನೋ ಕೆಳಗೆ ಬಿದ್ದ ಸದ್ದು, ಒಬ್ಬ ಹೆಂಗಸಿನ ಉದ್ದವಾದ ಉಸಿರು, ಪರದೆಯ ಉಂಗುರಗಳು ಕಂಬಿಯ ಮೇಲೆ ಸರಿದ ಸದ್ದು. ರಾಬಿಡೋ ಫೋನನ್ನು ಕಿವಿಯಿಂದ ತೆಗೆಯದೆ ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಂತ. ಅವನ ತುಟಿ ತಾನಾಗಿ ಒಂದು ಪ್ರಾರ್ಥನೆ ಹೇಳುತ್ತಿತ್ತು.

ಮಧ್ಯಾಹ್ನ ಒಂದು ಗಂಟೆಗೆ ಡೆಲ್ಬರ್ಟ್ ಗೋಕಿಯ ಬಂಧನವಾಯಿತು. ತನ್ನ ಪರವಾನಗಿಯಲ್ಲಿ ಇಲ್ಲದ ಪಿಸ್ತೂಲು ಹೊಂದಿದ್ದು, ಅದನ್ನು ಕದ್ದದ್ದು ಎಂದು ಆರೋಪ. ಅವರಿಗೆ ಕೈಕೋಳ ತೊಡಿಸಲಿಲ್ಲ. ಅವರೇ ಮುಂದಿನ ಸೀಟಿನಲ್ಲಿ ಕೂರಲು ಹೋಗಿ, ನೆನಪಾಗಿ, ಹಿಂದಿನ ಸೀಟಿನಲ್ಲಿ ಕೂತರು. ವಕೀಲರು ಬೇಡ ಎಂದು ಬರೆದುಕೊಟ್ಟು ಹೇಳಿಕೆ ಕೊಡಲು ಶುರುಮಾಡಿದರು.

ಅಷ್ಟರಲ್ಲಿ ಠಾಣೆಯ ಬಾಗಿಲು ತೆರೆದು ಡ್ವೇನ್ ಟೆಬೋ ಒಳಗೆ ಬಂದ. ಸುದ್ದಿ ನಮ್ಮೂರಲ್ಲಿ ಗಾಡಿಗಿಂತ ಬೇಗ ಹೋಗುತ್ತದೆ. ಅವನು ಅಂಗಿ ತೊಟ್ಟಿದ್ದ, ಕ್ಷೌರ ಮಾಡಿಕೊಂಡಿದ್ದ. ಡೆಲ್ಬರ್ಟ್ ಕಡೆ ನೋಡದೆ ರಾಬಿಡೋಗೆ ಹೇಳಿದ.

"ನಿನ್ನೆ ಸುಳ್ಳು ಹೇಳ್ದೆ. ಹೋದ ಭಾನುವಾರ ಅಮ್ಮ ಚರ್ಚಿಗೆ ಹೋದಾಗ ಪೆಟ್ಟಿಗೆ ತೆಗೆದೆ."

"ಏನಿತ್ತು?"

"ಕಬ್ಬಿಣ. ಡೆಲ್ ಅವರ ಕಾಲುಚೀಲ. ನೋಡಿದ ತಕ್ಷಣ ಗೊತ್ತಾಯ್ತು ಯಾರದು ಅಂತ. ಅದನ್ನ ಹಿಡಕೊಂಡು ಅಪ್ಪನ ಹಾಸಿಗೆ ಮೇಲೆ ಕೂತೆ. ಎಷ್ಟು ಹೊತ್ತೋ. ಯಾರೋ ನನ್ನೊಳಗೆ ಇಣುಕಿ ನೋಡಿಬಿಟ್ಟಿದಾರೆ ಅನ್ನಿಸ್ತು. ಆಮೇಲೆ ಇದ್ದ ಹಂಗೇ ಇಟ್ಟು ಬೀಗ ಹಾಕ್ದೆ."

"ಪಿಸ್ತೂಲು ಇದ್ದಿದ್ರೆ?"

"ಗಾಡಿ ಆಫ್ ಮಾಡಿರ್ಲಿಲ್ಲ," ಎಂದ. "ಅಂಗಳದಲ್ಲಿ ಹಂಗೇ ಓಡ್ತಾ ಇತ್ತು."

ಡೆಲ್ಬರ್ಟ್ ಕಣ್ಣು ಮುಚ್ಚಿಕೊಂಡರು.

"ನನ್ನ ಎಲ್ಲಾದ್ರೂ ಸೇರ್ಸು ವೆಸ್ಲಿ," ಎಂದ ಡ್ವೇನ್. "ಆಸ್ಪತ್ರೆನೋ, ಒಳಗೋ. ಆ ಗುಡಿಸಲಲ್ಲಿ ಒಬ್ಬನೇ ಇರೋಕಾಗ್ತಿಲ್ಲ."

ಅವನ ಹೇಳಿಕೆಯನ್ನು ಬರೆದು ನ್ಯಾಯಾಲಯಕ್ಕೆ ಕಳಿಸಿದರು. ಎರಡು ಗಂಟೆಗೆ ಡೆಪ್ಯುಟಿ ಅವನನ್ನು ಆಸ್ಪತ್ರೆಗೆ ಕರೆದೊಯ್ದ. ಹೋಗುವಾಗ ಡ್ವೇನ್ ಬೆಂಚಿನ ಪಕ್ಕ ನಿಂತು, ಡೆಲ್ಬರ್ಟ್‌ರ ಹೆಗಲ ಮೇಲೆ ಒಂದು ಕ್ಷಣ ಕೈ ಇಟ್ಟು ಹೋದ.

ರಾಬಿಡೋ ಮತ್ತೆ ಕೀಲಿಮಣೆಯ ಮುಂದೆ ಕೂತ. "ಅವತ್ತು ಏನಾಯ್ತು ಹೇಳಿ."

"ದರ್ಶನಕ್ಕೆ ಕರಿ ಟೈ ಬೇಕು ಅಂತ ಡ್ವೇನ್ ರೋಲಿ ಮನೆಗೆ ಬಂದಿದ್ದ. ಟೈ ಕಟ್ಕೋತಾ ಕನ್ನಡಿಯಲ್ಲಿ ನನ್ನ ನೋಡಿ, ಅಪ್ಪನ ಪಿಸ್ತೂಲು ಎಲ್ಲಿದೆ ಅಂದ. ಮೆತ್ತಗೇ ಕೇಳ್ದ. ಅಪ್ಪ ಸತ್ತ ದುಃಖ ಆ ಮುಖದಲ್ಲಿರಲಿಲ್ಲ, ವೆಸ್ಲಿ. ಎಲ್ಲ ತೀರ್ಮಾನ ಆದೋನ ಮುಖ."

"ನಮಗೆ ಫೋನ್ ಮಾಡಿದ್ರೆ ನಾವೇ ಬಂದು ಒಯ್ತಿದ್ವಿ. ನಿಮ್ಮ ಮೇಲೆ ಕೇಸೇ ಇರ್ತಿರಲಿಲ್ಲ."

"ಗೊತ್ತು. ರೋಲಿ ಇನ್ನೂ ಮಣ್ಣಿಗೇ ಇಳಿದಿಲ್ಲ, ಅವನ ಮಗನ್ನ ಪೊಲೀಸರಿಗೆ ಹಿಡ್ಕೊಡೋಕೆ ನಾಲಿಗೆ ಏಳಲಿಲ್ಲ. ಇನ್ನೊಂದು, ಜನವರಿಲಿ ಕೋರ್ಟು ಅವನ ಬಂದೂಕು ಕಿತ್ಕೊಂಡಾಗ ಅದು ಅನ್ಯಾಯ ಅಂತ ಹೋಟೆಲಲ್ಲಿ ಮೇಜು ಕುಟ್ಟಿದೋನು ನಾನೇ."

"ಈಗ ಸರಿ ಅಂತೀರಾ?"

"ಇಲ್ಲ. ಶಿಕ್ಷೆ ಆಗದೆ ಇರೋನ ಹಕ್ಕು ಕಿತ್ಕೊಳ್ಳೋದು ತಪ್ಪು ಅಂತ ಇವತ್ತೂ ಹೇಳ್ತೀನಿ, ನಾಳೆನೂ ಹೇಳ್ತೀನಿ. ಕೋರ್ಟಾದರೂ ಅವನನ್ನ ಎದುರಿಗೆ ನಿಲ್ಲಿಸಿ ಕೇಳಿತ್ತು. ನಾನು ಅದನ್ನೂ ಮಾಡಲಿಲ್ಲ. ಕನ್ನಡಿಲಿ ಮುಖ ನೋಡಿದೆ, ತೀರ್ಪು ಕೊಟ್ಟೆ, ಜಾರಿ ಮಾಡ್ದೆ. ಅದು ಕಳ್ಳತನ. ಹಂಗೇ ಬರಿ."

ರಾಬಿಡೋ ಹಾಗೇ ಬರೆದ. ಕೊನೆಯಲ್ಲಿ ಕಾರಣ ಎಂಬ ಜಾಗ ಉಳಿದಿತ್ತು. ಅವನು ಸ್ವಲ್ಪ ಯೋಚಿಸಿ ಹೇಳಿದ. "ಗೆಳೆಯನ ಸಂಸಾರದ ಮೇಲಿನ ಪ್ರೀತಿ ಅಂತ ಹಾಕ್ಲಾ?"

"ಚಂದ ಮಾಡಬೇಡ. ಭಯ ಅಂತ ಬರಿ."

ಅವನು ಭಯ ಎಂದು ಬರೆದ. ಓದಿ ಹೇಳಿದ. ಸಹಿ ಮಾಡಿಸಿಕೊಂಡ. ಬೆರಳಚ್ಚಿಗಾಗಿ ಡೆಲ್ಬರ್ಟ್‌ರನ್ನು ಪಕ್ಕದ ಮೇಜಿಗೆ ಕರೆದ. ಮುದುಕರು ಎದ್ದು ಬಂದವರು ಕೈ ಮುಂದೆ ಮಾಡದೆ ನಿಂತರು.

"ರೆನೀ ಮನೆಗೆ ಹೋದ್ಳಾ?"

"ಹೋದ್ಳು."

"ಮಕ್ಕಳು?"

"ಅವರೂ ಹೋದ್ರು. ಅಂಗಳದಲ್ಲಿ ಕೆಸರಲ್ಲಿ ಆಡ್ತಿದಾರಂತೆ. ಕಾಲೀನ್ ಹೇಳಿದ್ಳು."

"ಸರಿ ಹಂಗಾದ್ರೆ," ಎಂದು ಡೆಲ್ಬರ್ಟ್ ಅಂಗಿಯ ತೋಳು ಮಡಿಚಿ, ಹತ್ತೂ ಬೆರಳು ಬಿಡಿಸಿ ಮುಂದೆ ಚಾಚಿದರು.